ಅಂಗಳದ ನುಗ್ಗೆಸೊಪ್ಪು

ಅನ್ನ, ಮೆಣಸಿನ ಸಾರು, ಪಕ್ಕಕ್ಕೊಂದು ಕಬ್ಬಿಣಾಂಶದ ಮಾತ್ರೆ. ಹೊಸದುರ್ಗದ ಹತ್ತಿರ ಗಂಡನ ಮನೆಯಲ್ಲೇ ಬಾಣಂತನದಲ್ಲಿದ್ದ ನನ್ನ ತಂಗಿಯ ತಟ್ಟೆಯಲ್ಲಿ ಇದ್ದದ್ದು ಇಷ್ಟೇ. ಅವಳ ಮುಖ ಬಿಳಿಚಿಕೊಂಡಿತ್ತು. ಅಂಗಳದಲ್ಲಿ ನುಗ್ಗೆಮರ ಮೈತುಂಬ ಚಿಗುರಿತ್ತು.

‘ಇವಳಿಗೂ ಒಂದಿಷ್ಟು ಸೊಪ್ಪು ಬೇಯ್ಸಿ ಕೊಡ್ರಿ ಅತ್ತೆ’ ಎಂದು ಅವಳ ಅತ್ತೆಗೆ ಹೇಳಿದೆ.

‘ಪಥ್ಯ ಕಣವ್ವ. ಬಾಣಂತಿ ಸೊಪ್ಪು ತಿಂದ್ರೆ ಮಗೀಗೆ ಭೇದಿ ಆಗ್ತೈತೆ. ಶಕ್ತಿಗೆ ಮಾತ್ರೆ ಐತಲ್ಲ’ ಎಂದವರೇ, ಮರದಿಂದ ಒಂದು ಕೊಂಬೆ ಮುರಿದುಕೊಂಡು ಕೊಟ್ಟಿಗೆಗೆ ನಡೆದರು. ಹಿಂದಿನ ದಿನವಷ್ಟೇ ಮರಿ ಹಾಕಿದ್ದ ಮೇಕೆಯ ಮುಂದೆ ಅದನ್ನು ಹಿಡಿದು, ‘ತಿನ್ನವ್ವ, ಮರೀಗೆ ಹಾಲು ಇಳೀಬೇಕು’ ಎಂದು ಬೆನ್ನು ಸವರಿದರು.

ತಂಗಿ ಮಾತ್ರೆ ನುಂಗಿದಳು. ಒಂದು ಮೇಕೆಯನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟಿದ್ದು ಅವತ್ತೇ ಮೊದಲು.