ಉಗ್ರಾಣದಲ್ಲಿ ಕೂತು ಹಾಡು ಸೇರಿಸಿದ್ದು

ನನ್ನ ಸೋದರಮಾವನ ಮಗನಿಗೆ ತಾಳ ಗೊತ್ತಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಹಾಸನದ ಸುತ್ತಮುತ್ತ ಇವತ್ತಿಗೂ ಅವನನ್ನೇ ದೊಡ್ಡ ಡಿಜೆ ಅಂದುಕೊಂಡವರಿದ್ದಾರೆ. ಕೈ ತಟ್ಟು ಅಂದ್ರೆ ಮೂರು ಸಲ ತಟ್ಟಿ ನಾಲ್ಕನೇದಕ್ಕೆ ಕೂದಲು ಸರಿಮಾಡಿಕೊಳ್ಳೋನು. ಕೂದಲೇನೋ ಚೆನ್ನಾಗಿತ್ತು, ಇಲ್ಲ ಅನ್ನಲ್ಲ.

ಮಾವನದು ಹಾಸನದಲ್ಲಿ ಮೈಕ್‌ಸೆಟ್ ಅಂಗಡಿ. ತೊಂಬತ್ತರ ದಶಕದಲ್ಲಿ ಎರಡು ಹಾರ್ನು, ಒಂದು ಟೇಪ್‌ರೆಕಾರ್ಡರ್ ಇಟ್ಟುಕೊಂಡು ಶುರುಮಾಡಿದ್ದು. ನಾನು ಹಳೇಕೋಟೆಯಿಂದ ಬಂದು ಅವರ ಮನೆಯಲ್ಲಿದ್ದುಕೊಂಡು ಬಿಕಾಂ ಓದುತ್ತಿದ್ದೆ. ಎರಡು ಸಾವಿರ ಇಸವಿ ದಾಟಿದ ಮೇಲೆ ಮದುವೆ ಮನೆಗಳಲ್ಲಿ ಹುಡುಗರು ಡಿಜೆ ಬೇಕು ಅಂತ ಹಠ ಹಿಡಿದರು. ಮಾವ ಬೆಂಗಳೂರಿಗೆ ಹೋಗಿ ಎರಡು ಸಿಡಿ ಹಾಕೋ ಡೆಕ್ ತಂದ. ಎಡಕ್ಕೊಂದು ಬಲಕ್ಕೊಂದು ಚಕ್ರ, ಪಕ್ಕದಲ್ಲಿ ಹಾಡಿನ ವೇಗ ಹೆಚ್ಚುಕಮ್ಮಿ ಮಾಡೋಕೆ ಮೇಲೆ ಕೆಳಗೆ ಜಾರಿಸೋ ಗುಂಡಿ, ನಿಮಿಷಕ್ಕೆ ಎಷ್ಟು ಪೆಟ್ಟು ಬೀಳ್ತಿದೆ ಅಂತ ತೋರಿಸೋ ಕೆಂಪು ನಂಬರು. ಒಂದು ಹಾಡು ಮುಗಿಯೋ ಮುಂಚೆ ಇನ್ನೊಂದನ್ನ ಅದೇ ವೇಗಕ್ಕೆ ತಂದು, ಪೆಟ್ಟಿನ ಮೇಲೆ ಪೆಟ್ಟು ಕೂರೋ ಹಾಗೆ ಸೇರಿಸಬೇಕು. ಕುಣಿಯೋರ ಕಾಲು ನಿಲ್ಲಬಾರದು. ಕೆಲಸ ಅಂದ್ರೆ ಇಷ್ಟೇ.

ಡೆಕ್ ಬಂದಿದ್ದು ಮಗನಿಗೆ. ನನಗೆ ಕೊಟ್ಟ ಕೆಲಸ ಸಿಡಿಗಳ ಮೇಲೆ ಹಾಡಿನ ಹೆಸರು ಬರೆಯೋದು, ಧೂಳು ಒರೆಸೋದು. ಅವನು ಮಧ್ಯಾಹ್ನ ಉಂಡು ಮಲಗಿದಾಗ ನಾನು ಅಂಗಡಿಗೆ ಹೋಗಿ ಕೂರುತ್ತಿದ್ದೆ. ಮೊದಲ ತಿಂಗಳು ನಂಬರನ್ನೇ ನಂಬಿದೆ. ಎರಡೂ ಕಡೆ ಒಂದೇ ನಂಬರು ಬಂದರೆ ಹಾಡು ಸೇರಿತು ಅಂದುಕೊಂಡೆ. ಹಾಗೇ ನಂಬರು ನೋಡಿ ಒಂದು ಪಟ್ಟಿ ಮಾಡಿ, ಈ ಹಾಡಾದ ಮೇಲೆ ಈ ಹಾಡು ಅಂತ ಅವನಿಗೆ ಬರೆದುಕೊಟ್ಟೆ.

ಅರಕಲಗೂಡಿನ ಮದುವೆಯಲ್ಲಿ ಮಾನ ಹೋಯಿತು. ನಮ್ಮ ಕಡೆ ಹುಡುಗರು ಕುಣಿಯೋದು ತಮಟೆ ಏಟಿನ ಹಾಡಿಗೆ. ಆ ಏಟು ಬೀಳೋದು ಮೂರು ಮೂರಾಗಿ. ಮಿಷನ್ನು ಎಲ್ಲವನ್ನೂ ನಾಲ್ಕು ನಾಲ್ಕಾಗಿ ಎಣಿಸಿ ಯಾವುದೋ ನಂಬರು ತೋರಿಸಿತ್ತು, ನಾನು ಅದನ್ನ ವೇದವಾಕ್ಯ ಅಂತ ಬರೆದುಕೊಂಡಿದ್ದೆ. ಎರಡು ಹಾಡು ಒಂದರ ಮೇಲೊಂದು ಬಿದ್ದು ಕಚ್ಚಾಡಿದವು, ಕುಣಿಯೋರು ನಿಂತುಬಿಟ್ಟರು. ಒಬ್ಬ ಅಜ್ಜ ಬಂದು, ಒಂದು ಕಾಲು ಆಸನಕ್ಕೆ ಓಗ್ತದೆ, ಇನ್ನೊಂದು ಒಳೆನರ್ಸೀಪುರಕ್ಕೆ ಓಗ್ತದೆ, ನಾವು ಯಾವ ಕಡೀಕೆ ಓಗನ ಅಂತ ಕೇಳಿದ. ತಪ್ಪು ನಂದೇ, ಒಪ್ಕೋತೀನಿ. ಆದರೆ ಎಲ್ಲರ ಮುಂದೆ ಆ ಪಟ್ಟಿಯನ್ನ ನನ್ನ ಮುಖದ ಮೇಲೆ ಎಸೆದನಲ್ಲ ಮಾವನ ಮಗ, ಅದನ್ನ ಮಾತ್ರ ಮರೆಯಲ್ಲ.

ಆ ಭಾನುವಾರ ಊರಿಗೆ ಹೋದಾಗ ಅವ್ವ ಮತ್ತು ಚಿಕ್ಕವ್ವ ಒಂದೇ ಒರಳಿಗೆ ಎರಡು ಒನಕೆ ಹಾಕಿ ಖಾರದ ಪುಡಿ ಕುಟ್ಟುತ್ತಿದ್ದರು. ಚಿಕ್ಕವ್ವನಿಗೆ ಸಾಕಾಗಿ ನನ್ನ ಕೈಗೆ ಒನಕೆ ಕೊಟ್ಟಳು. ನಾನು ಅವ್ವನ ಕೈ ನೋಡಿಕೊಂಡು ಹಾಕಿದರೆ ಒನಕೆಗೆ ಒನಕೆ ತಾಗುತ್ತಿತ್ತು. ಅವ್ವ ಬೈದಳು. ಕೈ ನೋಡಬ್ಯಾಡ, ಕಿವಿ ಕೊಡು, ನಂದು ಬಿದ್ದ ಸದ್ದು ಕೇಳ್ಕಂಡು ನಿಂದು ಹಾಕು ಅಂದಳು. ಕಣ್ಣು ಮುಚ್ಚಿ ಹಾಕಿದೆ. ಅರ್ಧ ಸೇರು ಮೆಣಸಿನಕಾಯಿ ಮುಗಿಯೋವರೆಗೂ ಒಮ್ಮೆಯೂ ತಾಗಲಿಲ್ಲ. ಕಣ್ಣಲ್ಲಿ ನೀರು ಸುರೀತಿತ್ತು, ಘಾಟಿಗೆ.

ಸೋಮವಾರ ಹಾಸನಕ್ಕೆ ಬಂದವಳೇ ಆ ಕೆಂಪು ನಂಬರಿನ ಮೇಲೆ ಪ್ಲಾಸ್ಟರ್ ಅಂಟಿಸಿದೆ. ಒಂದು ಕಿವಿಗೆ ಹೆಡ್‌ಫೋನು, ಅದರಲ್ಲಿ ಮುಂದಕ್ಕೆ ಬರೋ ಹಾಡು. ಇನ್ನೊಂದು ಕಿವಿ ಬಯಲಿಗೆ, ಅದರಲ್ಲಿ ಓಡ್ತಿರೋ ಹಾಡು. ಬರೋದು ಮುಂದೆ ಓಡಿದರೆ ಚಕ್ರದ ಅಂಚಿಗೆ ಬೆರಳು ಸೋಕಿಸಿ ತಡೆಯೋದು, ಹಿಂದೆ ಬಿದ್ದರೆ ಚೂರು ತಳ್ಳೋದು, ಆಮೇಲೆ ಗುಂಡಿಯನ್ನ ಕೂದಲೆಳೆಯಷ್ಟು ಜಾರಿಸೋದು. ಜೋರಾಗಿ ತಳ್ಳಿದರೆ ಕೆಟ್ಟಿತು. ಮಳೆಗಾಲ ಪೂರ್ತಿ ಅದೇ ಕೆಲಸ. ಒಂದು ಮಧ್ಯಾಹ್ನ ಎರಡು ಹಾಡು ಸೇರಿ, ನಾನು ಕೈ ತೆಗೆದರೂ ಬೇರೆಯಾಗಲಿಲ್ಲ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ನನಗೇ ಗೊತ್ತಾಗಲಿಲ್ಲ. ಬಾಗಿಲಲ್ಲಿ ಮಾವ ನಿಂತಿದ್ದ. ಎಲ್ಲಿ, ಇನ್ನೊಂದ್ಸಲ ಮಾಡು ಅಂದ. ಮಾಡಿದೆ. ಮುಂದಿನ ಪ್ರೋಗ್ರಾಂ ನಿಂದೇ ಕಣವ್ವ ಅಂದ. ಆವತ್ತು ಊಟ ಸೇರಲಿಲ್ಲ ನಂಗೆ, ಅಷ್ಟು ಖುಷಿ.

ಮುಂದಿನ ಪ್ರೋಗ್ರಾಂ ಹೊಳೆನರಸೀಪುರದ ಒಂದು ಛತ್ರದಲ್ಲಿ. ನಾನು ಹೊಸ ಚೂಡಿದಾರ ಹಾಕಿಕೊಂಡು ಹೋದರೆ ಡೆಕ್ಕನ್ನ ಒಳಗೆ ಉಗ್ರಾಣದಲ್ಲಿ ಇಟ್ಟಿದ್ದರು, ತೆಂಗಿನಕಾಯಿ ಮೂಟೆ, ವೀಳ್ಯದೆಲೆ, ತೊಳೆದಿಟ್ಟ ಕೊಳದಪ್ಪಲೆಗಳ ನಡುವೆ. ಹೊರಗೆ ಸ್ಟೇಜಿನ ಮೇಜಿನ ಮೇಲೆ ಕೆಟ್ಟುಹೋದ ಒಂದು ಸೌಂಡ್ ಮಿಕ್ಸರು. ಅದರ ಲೈಟು ಮಾತ್ರ ಮಿಣಮಿಣ ಅನ್ನುತ್ತಿತ್ತು. ಅದರ ಹಿಂದೆ ಮಾವನ ಮಗ, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು. ಅದರ ವೈರು ಯಾವುದಕ್ಕೂ ಚುಚ್ಚಿರಲಿಲ್ಲ. ನಾನು ಮಾವನ ಮುಖ ನೋಡಿದೆ. ಜನ ಒಂಥರಾ ಕಣವ್ವ, ನೀನು ಒಳಗಿದ್ದೇ ಹಾಕು ಅಂದು ಬಾಗಿಲು ಮುಂದೆ ಮಾಡಿಕೊಂಡು ಹೋದ.

ಮೂರು ವರ್ಷ. ಮೂರು ವರ್ಷ ನಾನು ಉಗ್ರಾಣದಲ್ಲಿ ಕೂತು ಹಾಡು ಸೇರಿಸಿದೆ. ಕುಣಿಯೋರನ್ನ ಒಂದು ದಿನವೂ ನೋಡಲಿಲ್ಲ. ಶಿಳ್ಳೆ ಕೇಳಿ, ಕಾಲಿನ ಸದ್ದು ಕೇಳಿ, ಈಗ ಯಾವ ಹಾಡು ಬೇಕು ಅಂತ ಅಂದಾಜು ಮಾಡುತ್ತಿದ್ದೆ. ಕೈ ಕೆಸರು ಮಾಡಿಕೊಂಡವಳು ಒಳಗೆ, ಮೊಸರು ತಿಂದವನು ಹೊರಗೆ. ಪಾಪ, ಅವನ ತಪ್ಪೇನಿತ್ತು ಅಂತ ಈಗ ಅನ್ನಿಸುತ್ತೆ ಅಂತ ನೀವು ಕಾಯ್ತಿದ್ದರೆ, ಇಲ್ಲ. ಅವನ ತಪ್ಪೂ ಇತ್ತು. ಬಾಯಿ ಬಿಟ್ಟರೆ ಡೆಕ್ ಮುಟ್ಟೋಕೂ ಬಿಡಲ್ಲ ಅಂತ ನಾನು ಸುಮ್ಮನಿದ್ದೆ, ಅಷ್ಟೇ. ನನಗೆ ಬೇಕಾಗಿದ್ದು ಆ ಮೇಜು. ಒಂದೇ ಒಂದು ಸಲ, ನಾಲ್ಕು ಜನದ ಕಣ್ಣಿಗೆ ಬೀಳೋ ಹಾಗೆ ಅದರ ಹಿಂದೆ ನಿಲ್ಲಬೇಕಿತ್ತು.

ಊರಿಗೆ ಹೋದಾಗೆಲ್ಲ ಅವ್ವನ ಮುಂದೆ ಮಾವನನ್ನ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅವ್ವ ಮುದ್ದೆ ಬಡಿಸುತ್ತಾ, ಅವನು ಮೊದಲಿಂದ್ಲೂ ಅಂಗೇ ಕಣೆ, ಓಗ್ಲಿ ಬುಡು ಅನ್ನೋಳು. ಆ ಒಂದು ಮಾತು ಸಾಕಾಗುತ್ತಿತ್ತು. ನನ್ನ ಕಡೆ ಒಬ್ಬಳಾದರೂ ಇದ್ದಾಳೆ ಅಂತ ಬಸ್ ಹತ್ತುತ್ತಿದ್ದೆ.

ಚನ್ನರಾಯಪಟ್ಟಣದಲ್ಲಿ ನೆಂಟರ ಮನೆಯ ಬೀಗರೂಟ. ಮಟಮಟ ಮಧ್ಯಾಹ್ನ, ಛತ್ರದ ತುಂಬ ಬಾಡೂಟದ ವಾಸನೆ. ಅವ್ವನೂ ಬಂದಿದ್ದಳು. ನಾನು ಎಂದಿನಂತೆ ಒಳಗೆ, ಈರುಳ್ಳಿ ಸಿಪ್ಪೆ ರಾಶಿಯ ಪಕ್ಕ. ಆವತ್ತು ತಮಟೆಯ ಹಾಡೊಂದನ್ನ ಇನ್ನೊಂದಕ್ಕೆ ಎಷ್ಟು ನಯವಾಗಿ ಸೇರಿಸಿದೆ ಅಂದ್ರೆ ಹೊರಗೆ ಜನ ಹೋ ಅಂದರು. ಮದುಮಗನ ಸ್ನೇಹಿತರು ಇದನ್ನ ಹೆಂಗೆ ಕಲಿತೆ ಅಂತ ಕೇಳಿದರು ಅಂತ ಕಾಣುತ್ತೆ. ಮೈಕಿನಲ್ಲಿ ನನ್ನ ಮಾವನ ಮಗನ ದನಿ ಬಂತು: "ಯಾರೂ ಏಳ್ಕೊಟ್ಟಿಲ್ಲ. ಮೂರು ವರ್ಷ ಒಬ್ನೇ ಕೂತು ಕಲ್ತೆ."

ಮೈಯೆಲ್ಲ ಉರಿದುಹೋಯಿತು. ಎರಡೂ ಹಾಡಿನ ಸದ್ದು ಪೂರ್ತಿ ಇಳಿಸಿ ಕೈಕಟ್ಟಿ ಕೂತೆ. ಬಾಗಿಲ ಸಂದಿಯಿಂದ ನೋಡಿದರೆ ಅವನು ಸದ್ದಿಲ್ಲದ ಹಾಡಿಗೆ ಇನ್ನೂ ಗುಂಡಿ ತಿರುಗಿಸುತ್ತಲೇ ಇದ್ದ. ಮಾವ ಓಡಿ ಬಂದು ವೈರು ಲೂಸಾಯ್ತಾ ಅಂದ.

"ಡೆಕ್ಕು ಹೊರಗಿಡ್ಸು ಮಾವ. ಇಲ್ದಿದ್ರೆ ಹಾಡಿಲ್ಲ."

ಹೊರಗೆ ಹುಡುಗರು ಮೇಜು ಬಡಿಯುತ್ತಿದ್ದರು. ಮಾವ ಹಲ್ಲು ಕಚ್ಚಿಕೊಂಡು ತಾನೇ ಡೆಕ್ ಹೊತ್ತ. ಮಗ ಎಲ್ಲಿ ಮಾಯವಾದನೋ ನೋಡಲಿಲ್ಲ. ನಾನು ಮೇಜಿನ ಹಿಂದೆ ನಿಂತು ಹಾಡು ಹಾಕಿದೆ. ಒಂದು ನಿಮಿಷ ಎಲ್ಲರೂ ನನ್ನನ್ನೇ ನೋಡಿದರು, ಆಮೇಲೆ ಕುಣಿಯೋಕೆ ಶುರುಮಾಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಆಗ ಅವ್ವ ಸೆರಗು ಬಿಗಿದುಕೊಂಡು ಸ್ಟೇಜು ಹತ್ತಿ ಬಂದಳು. ನನ್ನ ಪರವಾಗಿ ನಿಲ್ಲೋಕೆ ಬಂದಳು ಅಂದುಕೊಂಡೆ. ಇಳಿ ಕೆಳೀಕೆ ಅಂದಳು. ಮೂರು ವರ್ಷ ನನ್ನನ್ನ ಮೂಟೆ ಜೊತೆ ಕೂರಿಸಿದನಲ್ಲ ನಿನ್ನ ತಮ್ಮ, ಅವನಿಗೆ ಹೋಗಿ ಹೇಳು ಅಂದೆ.

ಅವ್ವ ನನ್ನ ಮುಖ ನೋಡಲಿಲ್ಲ. ಊಟದ ಸಾಲಿನ ಕಡೆ ನೋಡುತ್ತಾ ಹೇಳಿದಳು: "ಅವನ್ನ ಬೈಬ್ಯಾಡ. ಅವ್ನು ಮುಂದಕ್ಕೇ ನಿಲ್ಲಿಸ್ತೀನಿ ಅಂದಿದ್ದ. ಒಳಗೆ ಕೂರ್ಸು ಅಂದೋಳು ನಾನು. ನಾಳೆ ನಿನ್ನ ಯಾರು ಕಟ್ಕತಾರೆ?"

ಓಡುತ್ತಿದ್ದ ಹಾಡು ಮುಗಿಯೋಕೆ ಬಂದಿತ್ತು. ಅವ್ವ ಇನ್ನೂ ಏನೋ ಹೇಳುತ್ತಿದ್ದಳು, ತುಟಿ ಆಡುತ್ತಿತ್ತು. ನಾನು ಹೆಡ್‌ಫೋನನ್ನ ಅವಳ ಕಡೆ ಇದ್ದ ಕಿವಿಗೆ ಹಾಕಿಕೊಂಡೆ.