ಎಡಗೈಗೆ ತೊಡಿಸಿದ ಸಾಕ್ಸ್

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಗುಬ್ಬಿಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿದ್ದೆ. ತುಮಕೂರಿನಿಂದ ದಿನಾ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುವುದು. ಸರ್ವೀಸಿನ ಕೊನೆಯ ವರ್ಷಗಳು; ಸೊಂಟವೂ ಸೋತಿತ್ತು, ಮಾತೂ ಸೋತಿತ್ತು.

ಒಂದು ಮಧ್ಯಾಹ್ನ ಬಿದರೆಹಳ್ಳಿ ಕಾವಲ್ ಕಡೆಯಿಂದ ಶ್ವೇತಾ ಎಂಬ ಹುಡುಗಿ ಹತ್ತು ತಿಂಗಳ ಮಗ ಯಶಸ್‌ನನ್ನು ಎತ್ತಿಕೊಂಡು ಬಂದಳು. ಜೊತೆಗೆ ಅವಳ ಅತ್ತೆ ಸಿದ್ದಗಂಗಮ್ಮ, ಹಣೆತುಂಬ ವಿಭೂತಿ. ಮಗು ಅಂಬೆಗಾಲಿಡುವುದಿಲ್ಲ, ಒಂದೇ ಕೈ ಊರಿ ತೆವಳುತ್ತದೆ ಎಂಬುದು ಶ್ವೇತಾಳ ಚಿಂತೆ. ನನ್ನ ಕಣ್ಣು ಹೋದದ್ದು ಮಗುವಿನ ಎಡಗೈಗೆ. ಅದಕ್ಕೆ ಸಾಕ್ಸ್ ತೊಡಿಸಿ ಮಣಿಕಟ್ಟಿನ ಹತ್ತಿರ ದಾರ ಕಟ್ಟಿದ್ದರು.

‘ಇದೇನಮ್ಮಾ?’ ಎಂದೆ.

‘ಎಡಚ ಆಗ್ತಾವ್ನೆ ಮೇಡಮ್ಮೋರೆ. ಏನ್ ಕೊಟ್ರೂ ಎಡಗೈನೇ ಮುಂದ್ಮಾಡ್ತಾನೆ,’ ಅಂದರು ಸಿದ್ದಗಂಗಮ್ಮ. ‘ಮಠಕ್ಕೆ ನಡ್ಕಳೋ ಮನೆ ನಮ್ದು. ನಾಳೆ ಪಂಕ್ತೀಲಿ ಕೂತು ಎಡಗೈಲಿ ಉಂಡ್ರೆ ಚೆಂದಾಗಿರ್ತದಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?’

ಎದ್ದಾಗಿನಿಂದ ಮಲಗುವವರೆಗೂ ಆ ಸಾಕ್ಸ್ ಬಿಚ್ಚುವಂತಿರಲಿಲ್ಲವಂತೆ. ನನಗೆ ರೇಗಿತು. ಜಗಳಾಡಲು ತ್ರಾಣವಿಲ್ಲದೆ ದಾರ ಬಿಚ್ಚಿ, ಸಾಕ್ಸ್ ಕಳಚಿ, ಮಗುವನ್ನು ಚಾಪೆಯ ಮೇಲೆ ಕೂರಿಸಿ ಗಿಲಕಿ ಆಡಿಸಿದೆ. ಎಡಗೈ ಚಂಗನೆ ಬಂತು. ಬಲಗೈ ಮುಷ್ಟಿ ಬಿಗಿದೇ ಇತ್ತು, ಹೆಬ್ಬೆರಳು ಒಳಗೆ. ಗಿಲಕಿಯನ್ನು ಬಲಕ್ಕೆ ಒಯ್ದರೂ ಎಡಗೈಯೇ ಮೈ ದಾಟಿ ಬಂತು. ವರ್ಷ ತುಂಬುವ ಮೊದಲು ಮಕ್ಕಳು ಸಾಮಾನ್ಯವಾಗಿ ಎರಡೂ ಕೈ ಚಾಚುತ್ತವೆ. ಅಷ್ಟು ಬೇಗ ಒಂದೇ ಕೈಗೆ ಅಂಟಿಕೊಂಡರೆ ಇನ್ನೊಂದನ್ನು ಅನುಮಾನಿಸಬೇಕು.

ಬೆಂಗಳೂರಿಗೆ ಬರೆದುಕೊಟ್ಟೆ. ಅಲ್ಲಿನ ಮಕ್ಕಳ ನರರೋಗ ತಜ್ಞರು ಸ್ಕ್ಯಾನ್ ಮಾಡಿಸಿ ನನ್ನ ಅನುಮಾನವನ್ನೇ ಖಚಿತಪಡಿಸಿ ಕಳಿಸಿದರು. ಹೆಮಿಪ್ಲೀಜಿಯಾ, ಅಂದರೆ ಮೆದುಳಿಗಾದ ಹಾನಿಯಿಂದ ದೇಹದ ಒಂದು ಪಕ್ಕ ಸೋಲುವುದು; ಯಶಸ್‌ಗೆ ಬಲಪಕ್ಕ. ಬಹುಶಃ ಹೊಟ್ಟೆಯಲ್ಲಿದ್ದಾಗಲೇ ಆದದ್ದು, ಯಾರ ತಪ್ಪೂ ಅಲ್ಲ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ.

‘ಅಯ್ಯೋ ಶಿವನೇ! ಚೆನ್ನಾಗಿರೋ ಕೈಗೇ ಹೊಡೀತಿದ್ನಲ್ಲಮ್ಮಾ ನಾನು!’ ಸಿದ್ದಗಂಗಮ್ಮ ಗೋಡೆಗೊರಗಿ ಕೂತುಬಿಟ್ಟರು. ಆಮೇಲೆ ಚೀಲದಿಂದ ಆ ಸಾಕ್ಸ್ ತೆಗೆದು ಕಸದ ಬುಟ್ಟಿಗೆಸೆದರು.

‘ಎಸೀಬೇಡಿ, ಅದು ಬೇಕು,’ ಎಂದೆ. ಚೆನ್ನಾಗಿರುವ ಕೈಯನ್ನು ಸ್ವಲ್ಪ ಹೊತ್ತು ತಡೆದು ಸೋತ ಕೈಗೆ ಆಟ ಕಲಿಸುವುದು ನಮ್ಮ ಚಿಕಿತ್ಸೆಯಲ್ಲೂ ಇದೆ. ಆದರೆ ದಿನಕ್ಕೆ ಅರ್ಧ ಗಂಟೆ ಮಾತ್ರ, ದಾರವಿಲ್ಲದೆ, ನಗಿಸುತ್ತಾ. ದಿನವಿಡೀ ಕಟ್ಟಿಟ್ಟರೆ ಇರುವ ಕೈಯೂ ಕಲಿಯುವುದಿಲ್ಲ.

‘ಪೂರ್ತಿ ಸರಿಹೋಗ್ತದಾ ಮೇಡಂ?’ ಎಂದಳು ಶ್ವೇತಾ.

‘ಇಲ್ಲಮ್ಮ. ಬಲಗೈ ಎಡಗೈಗೆ ಆಸರೆಯಾಗುವಷ್ಟು ಬರಬಹುದು.’

ಅವಳು ಅತ್ತಳು. ಎಷ್ಟು ತಾಯಂದಿರಿಗೆ ಇದೇ ಮಾತು ಹೇಳಿದ್ದೆನೋ! ಒಮ್ಮೆಯೂ ಅದು ಹಗುರಾಗಲಿಲ್ಲ.

ತಿಂಗಳುಗಟ್ಟಲೆ ಅವರು ಬಂದರು. ಸುಧಾರಣೆ ಬಲು ನಿಧಾನ. ನನಗೇ ಬೇಸರ ಬಂದಿತ್ತು, ಅಜ್ಜಿಗೆ ಬರಲಿಲ್ಲ. ಒಂದು ದಿನ ಯಶಸ್ ಅಜ್ಜಿಯ ತೊಡೆಯ ಮೇಲೆ ಕೂತು ಚಪ್ಪಾಳೆ ತಟ್ಟಿದ. ಬಲಗೈ ಬೆರಳು ಬಿಚ್ಚಿಕೊಂಡು ಸುಮ್ಮನೆ ನಿಂತಿತ್ತು. ಎಡಗೈ ಬಂದು ಅದರ ಮೇಲೆ ಬೀಳುತ್ತಿತ್ತು.

‘ಬಲಗೈ ಇನ್ನೂ ಅಲ್ಲಾಡ್ತಿಲ್ಲ,’ ಎಂದೆ.

‘ಅಲ್ಲಾಡ್ದಿದ್ರೆ ಬುಡಿ ಮೇಡಮ್ಮೋರೆ,’ ಅಂದರು ಸಿದ್ದಗಂಗಮ್ಮ, ಕಣ್ಣೊರೆಸಿಕೊಳ್ಳುತ್ತಾ. ‘ಸದ್ದು ಬಂತಲ್ಲ!’

ಮಗುವಿನಲ್ಲಿ ಏನು ಕಡಿಮೆ ಎಂದು ನೋಡುವುದೇ ನನ್ನ ಉದ್ಯೋಗವಾಗಿತ್ತು. ಬಂದದ್ದನ್ನೂ ನೋಡಬೇಕು ಎಂಬುದನ್ನು ಕೆಲಸ ನನಗೆ ಕಲಿಸಿತು, ಬಹಳ ತಡವಾಗಿ.