ಹಲಸಿನ ಬಾಗಿಲಿನ ಕಾರು

ಐವತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಬಂಟ್ವಾಳದ ನಮ್ಮ ಗ್ಯಾರೇಜಿನಲ್ಲಿ ನಾಲ್ವರಿದ್ದೆವು: ಮಾವ, ಅವರ ಜತೆ ದುಡಿಯುತ್ತಿದ್ದ ನಾನು, ಕಾರು ಕೊಳ್ಳಲು ಬಂದಿದ್ದ ಮೂಡುಬಿದಿರೆಯ ಜೈನ ಜಮೀನ್ದಾರರು, ಅವರು ಕರೆತಂದ ಬಡಗಿ. ಎರಡೇ ಸೀಟಿನ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಮಾವ ಎರಡು ವರ್ಷ ಕೂತು ರಿಪೇರಿ ಮಾಡಿದ್ದರು. ಅದು ಮಾರಿಹೋಗದಿದ್ದರೆ ಗ್ಯಾರೇಜು ಮುಚ್ಚಬೇಕಿತ್ತು. ಕಾರು ನೋಡಲು ಬಡಗಿ ಯಾಕೆ ಎಂದು ನನಗೆ ಆಗಲೇ ಸಂಶಯ.

"ಎಲ್ಲ ಒರಿಜಿನಲ್ ಅಲ್ವಾ?" ಎಂದರು ಜಮೀನ್ದಾರರು.

"ಒಂದು ಮೊಳೆ ಸಹ ಬದಲಾಗ್ಲಿಲ್ಲ ಧನಿಗಳೇ," ಎಂದರು ಮಾವ.

ಬಡಗಿ ಬಲಬಾಗಿಲಿನ ಒಳಗಿನ ರಟ್ಟು ಸರಿಸಿ, ತಗಡಿಗೆ ಆಧಾರವಾಗಿದ್ದ ಮರದ ಚೌಕಟ್ಟನ್ನು ಉಳಿಯಿಂದ ಕೆರೆದ. ಹಳದಿ ಬಣ್ಣ ಕಂಡಿತು.

ಜಮೀನ್ದಾರರು ನಗಲಿಲ್ಲ. "ಇಂಗ್ಲೆಂಡಿನಲ್ಲಿಯೂ ಹಲಸಿನ ಮರ ಉಂಟಾ ಮಾರಾಯ್ರೆ?"

ಮಾವ ತಲೆ ತಗ್ಗಿಸಿದರು. "ಆ ಚೌಕಟ್ಟು ಗೆದ್ದಲು ತಿಂದಿತ್ತು. ನಾನೇ ಹಾಕಿಸಿದ್ದು."

"ಹಾಗಾದ್ರೆ ಉಳಿದದ್ದನ್ನು ಹೇಗೆ ನಂಬುವುದು?"

ಮಧ್ಯಾಹ್ನದವರೆಗೆ ಅವರು ಒಂದೊಂದನ್ನೂ ಮುಟ್ಟಿ "ಇದು?" ಎಂದು ಕೇಳಿದರು. ಬದಲಾಯಿಸಿದ್ದನ್ನೆಲ್ಲ ಮಾವ ಬಾಯಿಬಿಟ್ಟು ಹೇಳಿದರು. ಕಡೆಗೆ ಜಮೀನ್ದಾರರು ಅರ್ಧ ಮನಸ್ಸಿನಿಂದಲೇ ಕಾರು ಖರೀದಿಸಿ ಕೊಂಡುಹೋದರು.

ಮಳೆಗಾಲ ಕಳೆದ ಮೇಲೆ ಅವರೇ ಅದನ್ನು ಮರಳಿ ತಂದರು. ಎಡಬಾಗಿಲಿನ ಇಂಗ್ಲೆಂಡಿನ ಮರವನ್ನು ಗೆದ್ದಲು ತಿಂದು ಮುಗಿಸಿತ್ತು; ಬಲಬಾಗಿಲಿನ ಹಲಸಿಗೆ ಏನೂ ಆಗಿರಲಿಲ್ಲ. ಆ ಬಡಗಿಯೇ ನಮ್ಮಲ್ಲಿ ಎರಡು ದಿನ ಕೂತು ಅದಕ್ಕೂ ಹಲಸು ಹಾಕಿದ.